ಮನೆಯ ಕೀಲಿ ಅವರ ಕೈಯಲ್ಲಿರಲಿ

(ಸಂಘದ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯನಾದವನು ಪರೀಕ್ಷೆಯ ಫಲಿತಾಂಶವನ್ನು ಕುರಿತು ಮಾತನಾಡುವುದು ವಾಡಿಕೆ. ಇಂದು ಆ ವಾಡಿಕೆಯನ್ನು ಬದಿಗಿಟ್ಟು, ನಮ್ಮ ಓಣಿಗಳಲ್ಲಿ ಒಂಟಿಯಾಗಿ ಬಾಳುತ್ತಿರುವ ವೃದ್ಧರ ವಿಷಯವಾಗಿ ನಾಲ್ಕು ಮಾತು ಹೇಳಬಯಸುತ್ತೇನೆ.

ನಾರಾಯಣಪೇಟೆ, ಮಕ್ತಲ, ಗದ್ವಾಲ ಸೀಮೆಯ ಜನ ಕೂಲಿಯನ್ನರಸಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೋಗುವುದು ತಲೆಮಾರುಗಳಿಂದ ನಡೆದುಬಂದಿದೆ. ದುಡಿಯುವ ಕೈಗಳು ಊರು ಬಿಡುತ್ತವೆ. ಮನೆ ಕಾಯಲು ಮುದುಕರು ಉಳಿಯುತ್ತಾರೆ. ಅಂಥವರಲ್ಲಿ ನೇಕಾರ ಮನೆತನದ ಒಬ್ಬ ಅಜ್ಜಿಯನ್ನು ನಾನು ಬಲ್ಲೆ. ಮುಂಬಯಿಯಲ್ಲಿರುವ ಮಗ ಕರೆದರೂ ಆಕೆ ಹೋಗಲಿಲ್ಲ. ಏಕೆಂದು ಕೇಳಿದಾಗ, “ಅಲ್ಲಿಗೆ ಹೋದರ ಉಣ್ಣಾಕ ಸಿಗತದ ಮಾಸ್ತರ್ರೆ, ಆದರ ಮನಿ ಕೀಲಿ ನನ್ನ ಕೈಯಾಗ ಇರಂಗಿಲ್ಲ” ಎಂದರು.

ಆ ಅಜ್ಜಿಗೆ ಆಧಾರವಾಗಿದ್ದುದು ಸರ್ಕಾರದ ಆಸರಾ ಪಿಂಚಣಿ. 2014ರ ನವೆಂಬರಿನಲ್ಲಿ ತಿಂಗಳಿಗೆ 1000 ರೂಪಾಯಿಯಂತೆ ಆರಂಭವಾದ ಈ ವೃದ್ಧಾಪ್ಯ ವೇತನವು 2019ರಲ್ಲಿ 2016 ರೂಪಾಯಿಗೆ ಏರಿತು. ಆದರೆ ಒಮ್ಮೆ, ವರ್ಷಗಟ್ಟಲೆ ನೂಲು ಸುತ್ತಿ ಸವೆದ ಆ ಬೆರಳುಗಳ ಗುರುತು ಯಂತ್ರಕ್ಕೆ ಹತ್ತಲಿಲ್ಲ. ಎರಡು ತಿಂಗಳು ಬರಿಗೈಯಲ್ಲಿ ಮರಳಿದರು. ಕೈಗೆ ಕೊಟ್ಟ ತೆಲುಗು ಚೀಟಿಯನ್ನು, ಪಿಂಚಣಿ ನಿಂತುಹೋಯಿತೆಂಬ ಆಜ್ಞೆಯೆಂದೇ ಭಾವಿಸಿ, ದೇವರ ಗೂಡಿನಲ್ಲಿ ಮಡಿಸಿಟ್ಟಿದ್ದರು. ನಮ್ಮ ಶಾಲೆಯ ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ಅದನ್ನು ಓದಿ, ಆಧಾರ್ ಕೇಂದ್ರದಲ್ಲಿ ಬೆರಳ ಗುರುತನ್ನು ಹೊಸದಾಗಿ ಕೊಡಬೇಕೆಂದಷ್ಟೇ ಬರೆದಿದೆಯೆಂದು ತಿಳಿಸಿದಳು. ಮುಂದಿನ ತಿಂಗಳು ಹಣ ಬಂದಿತು. ನಾನಾದರೋ ದಿನವೂ ಆ ಬಾಗಿಲ ಮುಂದೆಯೇ ಶಾಲೆಗೆ ಬರುತ್ತಿದ್ದೆ, ಒಮ್ಮೆಯೂ ವಿಚಾರಿಸಿರಲಿಲ್ಲ. ಇದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಇದರಿಂದ ನನಗೆ ತಿಳಿದುದಿಷ್ಟು: ಸ್ವತಂತ್ರವಾಗಿ ಬಾಳುವುದೆಂದರೆ ಯಾರ ನೆರವೂ ಇಲ್ಲದೆ ಬಾಳುವುದಲ್ಲ. ಸಕಾಲದಲ್ಲಿ ಸಣ್ಣ ನೆರವು ದೊರೆತರೆ ಮುದುಕರು ತಮ್ಮ ಮನೆಯಲ್ಲಿ, ತಮ್ಮ ಇಚ್ಛೆಯಂತೆ ಬಾಳಬಲ್ಲರು. ಸಹಾಯಕ್ಕೆ ಏರ್ಪಾಡುಗಳು ಇಲ್ಲದಿಲ್ಲ. 2007ರ ಕಾನೂನಿನ ಪ್ರಕಾರ, ಮಕ್ಕಳು ನೋಡಿಕೊಳ್ಳದಿದ್ದರೆ ತಂದೆತಾಯಿಗಳು ಅದಕ್ಕಾಗಿಯೇ ಇರುವ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಜೀವನಾಂಶ ಕೇಳಬಹುದು. 60 ವರ್ಷ ತುಂಬಿದವರು, ಕೊನೆಯವರೆಗೆ ಸಲಹಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು ವಂಚಿತರಾದರೆ, ಆ ಪತ್ರವನ್ನೇ ರದ್ದುಮಾಡಿಸಬಹುದು. 14567 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ವೃದ್ಧರಿಗೆ ಉಚಿತವಾಗಿ ಮಾರ್ಗದರ್ಶನ ದೊರೆಯುತ್ತದೆ. ಏರ್ಪಾಡು ಉಂಟು, ಅದನ್ನು ಮನೆಯ ಹೊಸ್ತಿಲಿಗೆ ಮುಟ್ಟಿಸುವವರು ಬೇಕು.

ನಮ್ಮಂತೆಯೇ ಕರ್ನಾಟಕದ ಗಡಿಯಾಚೆ ಉಳಿದ ಕನ್ನಡಿಗರ ಕಾಸರಗೋಡು ಕೇರಳದಲ್ಲಿದೆಯಷ್ಟೆ. ಆ ರಾಜ್ಯದ ಕೋಳಿಕೋಡಿನಲ್ಲಿ 1993ರಲ್ಲಿ ಕೆಲವು ವೈದ್ಯರು, ಗುಣವಾಗದ ಕಾಯಿಲೆಯವರ ನೋವನ್ನು ತಗ್ಗಿಸಲೆಂದು ಒಂದು ಸಂಘವನ್ನು ಸ್ಥಾಪಿಸಿದರು. ಊರೂರಿನ ಸ್ವಯಂಸೇವಕರು ಕೈಗೂಡಿಸಿದರು. 2008ರಲ್ಲಿ ಸರ್ಕಾರವು ಅದನ್ನು ತನ್ನ ನೀತಿಯನ್ನಾಗಿ ಅಂಗೀಕರಿಸಿತು. ಈಗ ಅಲ್ಲಿ ಪಂಚಾಯಿತಿಯ ದಾದಿಯು ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುತ್ತಾಳೆ. ನೆರೆಹೊರೆಯವರ ಕನಿಕರದಿಂದ ಬೆಳೆದ ಕಾರ್ಯವಿದು.

ವಿದ್ಯಾರ್ಥಿಗಳೇ, ಅಷ್ಟು ದೊಡ್ಡ ಕಾರ್ಯವನ್ನು ನಿಮ್ಮಿಂದ ನಾನು ಬಯಸುವುದಿಲ್ಲ. ಮನೆಯಲ್ಲಿ ಕನ್ನಡವಾಡುವ ನಿಮಗೆ ಕಚೇರಿಯ ತೆಲುಗೂ ಓದಲು ಬರುತ್ತದೆ. ಕನ್ನಡ ಶಾಲೆಯಲ್ಲಿ ಕಲಿತು ಏನು ಪ್ರಯೋಜನವೆಂದು ಕೇಳುವವರಿಗೆ ಇದೇ ಉತ್ತರವಾಗಲಿ. ಶನಿವಾರ ಶಾಲೆ ಬಿಟ್ಟ ಮೇಲೆ ಇಬ್ಬಿಬ್ಬರಾಗಿ ಒಬ್ಬ ಹಿರಿಯರ ಮನೆಗೆ ಹೋಗಿರಿ. ಬಂದ ಕಾಗದವನ್ನು ಓದಿ ಹೇಳಿರಿ. ಔಷಧಿಯ ಚೀಟಿಯಲ್ಲಿರುವ ಹೊತ್ತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಒಂದು ಕೊಡ ನೀರು ತಂದಿಡಿರಿ. ಆದರೆ ಎರಡು ನಿಯಮಗಳನ್ನು ಮರೆಯಬೇಡಿರಿ. ಅವರ ಹಣವನ್ನಾಗಲಿ ಗುಪ್ತಸಂಖ್ಯೆಯನ್ನಾಗಲಿ ನೀವು ಇಟ್ಟುಕೊಳ್ಳಕೂಡದು. “ಹೀಗೆ ಮಾಡಿರಿ” ಎನ್ನುವ ಮೊದಲು “ನಿಮಗೆ ಏನು ಬೇಕು, ಅಜ್ಜಿ?” ಎಂದು ಕೇಳಬೇಕು.

ಪೋಷಕರೇ, ಈ ಒಂದು ಗಳಿಗೆಯಿಂದ ಮಕ್ಕಳ ಓದು ಕೆಡುವುದೆಂದು ಅಂಜಬೇಡಿರಿ. ಚೀಟಿ ಓದಿದ ಆ ಬಾಲಿಕೆಯ ಅಂಕಗಳೇನೂ ಕಡಿಮೆಯಾಗಲಿಲ್ಲ. ನಾಳೆ ನಿಮ್ಮ ಮಕ್ಕಳೂ ದೂರದೂರಿಗೆ ಹೋಗಬಹುದು. ಆಗ ನಿಮ್ಮ ಬಾಗಿಲನ್ನು ತಟ್ಟಿ ವಿಚಾರಿಸುವ ಮಗುವೊಂದು ಈ ಶಾಲೆಯಿಂದಲೇ ಬರುವಂತಾಗಲಿ.