ಬಾಗಿಲ ಹೊರಗೆ ಕಾಯುವ ಅಪ್ಪ-ಅಮ್ಮ

ಒಳಗೆ ಮಗಳ ಮದುವೆ ನಡೀತಿದೆ, ಅಪ್ಪ-ಅಮ್ಮ ಹೊರಗೆ ಕಾಯ್ತಾ ಕೂತಿದ್ದಾರೆ. ಜಗಳ ಆಗಿಲ್ಲ. ಒಳಗೆ ಹೋಗೋಕೆ ಬೇಕಾದ ಕಾರ್ಡ್ ಅವರ ಹತ್ರ ಇಲ್ಲ, ಅಷ್ಟೇ. ಅಮೆರಿಕದ ಯೂಟಾದಲ್ಲಿ, ಮಾರ್ಮನ್ ಕುಟುಂಬಗಳಲ್ಲಿ ಇಂಥದ್ದು ನಡೆಯುತ್ತೆ.

ಮಾರ್ಮನ್ ಅಂದ್ರೆ 1830ರಲ್ಲಿ ಜೋಸೆಫ್ ಸ್ಮಿತ್ ಶುರು ಮಾಡಿದ ಚರ್ಚ್. ಬೆಂಗಳೂರಿನಲ್ಲಿ ದೇವಾಲಯ ಕಟ್ಟೋದಾಗಿ 2018ರಲ್ಲಿ ಘೋಷಿಸಿದ್ದು ಇವರೇ. ಆ ದೇವಾಲಯಗಳ ಒಳಗೆ ಹೋಗಬೇಕಂದ್ರೆ ಮೊದಲು ಬಿಷಪ್ ಎದುರು ಕೂತು ಉತ್ತರ ಕೊಡಬೇಕು. ನಂಬಿಕೆ ಇದೆಯಾ? ಕಾಫಿ, ಟೀ, ಮದ್ಯ ಬೇಡ ಅನ್ನೋ ನಿಯಮ ಪಾಲಿಸ್ತೀರಾ? ಆದಾಯದ ಹತ್ತನೇ ಒಂದು ಭಾಗ ಕೊಡ್ತಿದ್ದೀರಾ? ನಾನು ಬಿ.ಕಾಂ. ಓದಿದವಳು, ಮೊದಲು ಕಣ್ಣಿಗೆ ಬಿದ್ದಿದ್ದು ಈ ಶೇ. 10ರ ಲೆಕ್ಕ. ಬಿಟ್ಟು ಬರೋರಿಗೆ ದುಡ್ಡೇ ಕಾರಣ ಇರಬೇಕು ಅಂದ್ಕೊಂಡೆ. ನನ್ನ ಲೆಕ್ಕ ತಪ್ಪಾಗಿತ್ತು.

2014ರಲ್ಲಿ ಚರ್ಚ್ ತಾನೇ ಒಂದು ಲೇಖನ ಪ್ರಕಟಿಸಿತು. ಸ್ಮಿತ್‌ಗೆ 30ರಿಂದ 40 ಹೆಂಡತಿಯರಿದ್ದಿರಬಹುದು ಅನ್ನೋ ಅಂದಾಜು ಅದರಲ್ಲಿತ್ತು. ಎಮ್ಮಾ ಒಬ್ಬಳ ಕಥೆ ಮಾತ್ರ ಕೇಳಿ ಬೆಳೆದವರಿಗೆ ಕಾಲಡಿಯ ನೆಲ ಕುಸಿದಂತಾಯ್ತು. ಆದರೆ ಹೇಳ್ಕೊಳ್ಳೋದು ಯಾರ ಹತ್ರ? ಅಲ್ಲಿ ಬಿಷಪ್ ಅಂದ್ರೆ ಸಂಬಳದ ಪಾದ್ರಿ ಅಲ್ಲ, ಪಕ್ಕದ ಬೀದಿಯ ದಂತವೈದ್ಯ ಇರಬಹುದು. ಬಾಣಂತಿ ಮನೆಗೆ ಊಟ ತರೋರು, ಮನೆ ಬದಲಿಸುವಾಗ ಸೋಫಾ ಎತ್ತೋರು ಎಲ್ಲರೂ ಚರ್ಚಿನವರೇ.

ಹಾಗಾಗಿ ಮನೆಯವರು ಮಲಗಿದ ಮೇಲೆ, ಬೇರೆ ಹೆಸರಿಟ್ಟುಕೊಂಡು, ಆನ್‌ಲೈನ್‌ನಲ್ಲಿ ತಮ್ಮಂಥವರನ್ನು ಹುಡುಕ್ತಾರೆ. ಜಾನ್ ಡೆಹ್ಲಿನ್ 2005ರಲ್ಲೇ ಇಂಥವರ ಕಥೆಗಳಿಗೆ ಪಾಡ್‌ಕಾಸ್ಟ್ ಶುರು ಮಾಡಿದ್ರು. 2015ರಲ್ಲಿ ಚರ್ಚ್ ಅವರನ್ನು ಹೊರಹಾಕಿತು.

ಇಂಥ ಗುಂಪುಗಳಲ್ಲಿ ದೇವರ ಬಗ್ಗೆ ಚರ್ಚೆ ಇದ್ದೇ ಇರುತ್ತೆ. ಆದರೆ ನನ್ನನ್ನ ತಟ್ಟಿದ್ದು ಸಣ್ಣ ಪ್ರಶ್ನೆಗಳು. ಗಂಡನಿಗೆ ಹೇಗೆ ಹೇಳಲಿ? ಭಾನುವಾರ ಏನು ಮಾಡೋದು? ಮೊದಲ ಸಲ ಕಾಫಿ ಆರ್ಡರ್ ಮಾಡುವಾಗ ಏನು ಕೇಳಬೇಕು? ಇಲ್ಲೂ ಅಪಾಯ ಇದೆ. 'ಇವತ್ತೇ ಬಿಟ್ಟು ಬಾ' ಅನ್ನೋರು, ಉಳಿದವರನ್ನು ಪೆದ್ದರು ಅನ್ನೋರು ಸಿಗ್ತಾರೆ. ಅದು ಇನ್ನೊಂದು ಚರ್ಚ್ ಆದಂಗೇ ಅಲ್ವಾ? ಒಳ್ಳೆ ಗುಂಪು ಅವಸರ ಮಾಡಲ್ಲ. ಉಳಿದರೂ ಸರಿ, ಹೋದರೂ ಸರಿ, ಮೊದಲು ಮನೆಯವರ ಜೊತೆ ಕೂತು ಮಾತಾಡು ಅನ್ನುತ್ತೆ.

ಮೊದಲು ಹೇಳಿದ ಮದುವೆಗೆ ಬರೋಣ. ಅಮೆರಿಕದಲ್ಲಿ ಹೊರಗೆ ಮದುವೆಯಾದ ಜೋಡಿ ದೇವಾಲಯದ ವಿಧಿಗೆ ಒಂದು ವರ್ಷ ಕಾಯಬೇಕಿತ್ತು. 2019ರ ಮೇನಲ್ಲಿ ಆ ನಿಯಮ ತೆಗೆದರು. ಈಗ ಎಲ್ಲರ ಮುಂದೆ ಮದುವೆಯಾಗಿ, ಆಮೇಲೆ ದೇವಾಲಯಕ್ಕೆ ಹೋಗಬಹುದು. ದೇವಾಲಯದ ಬಾಗಿಲಿಗೆ ಈಗಲೂ ಕಾರ್ಡ್ ಬೇಕು. ಆದರೆ ನಂಬಿಕೆ ಬಿಟ್ಟ ಅಪ್ಪ, ನಂಬಿಕೆ ಇರುವ ಮಗಳ ಮದುವೆ ಕಣ್ತುಂಬ ನೋಡೋ ದಾರಿಯೊಂದು ತೆರೆದಿದೆ.

ನಿಮ್ಮ ಫ್ರೆಂಡ್ ಯಾರಾದ್ರೂ 'ನಂಗೆ ಅನುಮಾನ ಬರ್ತಿದೆ' ಅಂದ್ರೆ, ಯಾವ ಕಡೆಗೂ ಎಳೀಬೇಡಿ. ಕೂತು ಕೇಳಿ. ಮುಂದಿನ ವಾರ ಸಿಗ್ತೀನಿ.