ಹಚ್ಚುವದು ಮತ್ತು ಮುಗಿಸುವದು



ಬರುವ ವರ್ಷದ ಓದಿನ ಸಂಕಲ್ಪವನ್ನು ಕುರಿತು ಮಾತನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ಯಾವ ವರ್ಷ ಎಂದು ನಾನು ಕೇಳಿದೆನು. ಗೋಡೆಯ ಕ್ಯಾಲೆಂಡರಿನ ವರ್ಷವು ಜನವರಿಗೂ, ಪಂಚಾಂಗದ ವರ್ಷವು ಯುಗಾದಿಗೂ, ಹುಬ್ಬಳ್ಳಿ ಪೇಟೆಯ ಕಿರ್ದಿ-ಖಾತೆಗಳ ವರ್ಷವು ದೀಪಾವಳಿಯ ಪಾಡ್ಯಕ್ಕೂ ಹುಟ್ಟುವ ನಮ್ಮ ಈ ಅವಳಿನಗರದಲ್ಲಿ, ಜನವರಿಯಲ್ಲಿ ಭಂಗವಾದ ಸಂಕಲ್ಪವನ್ನು ಯುಗಾದಿಗೆ ನವೀಕರಿಸಿ, ಅದೂ ಸಡಿಲಾದರೆ ಪಾಡ್ಯದವರೆಗೆ ಮುಂದೂಡುವ ಸೌಕರ್ಯವನ್ನು ಪೂರ್ವಜರೇ ಕಲ್ಪಿಸಿಕೊಟ್ಟಿರುವಾಗ, ಅವಸರವಾದರೂ ಏತಕ್ಕೆ? ಕಾರ್ಯದರ್ಶಿಗಳು ನಕ್ಕು, ‘ಯಾವುದರೆ ಆಗ್ಲಿರಿ, ಮುಕ್ಕಾಲು ತಾಸಿನ್ಯಾಗ ಮುಗಸ್ರಿ’ ಎಂದರು. ಆ ‘ಮುಗಿಸು’ ಎಂಬ ಕ್ರಿಯಾಪದವೇ ಇಂದಿನ ನನ್ನ ವಿಷಯ.

ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಸಂಜೆ ನನ್ನೊಡನೆ ತಿರುಗಾಡುವ ಮಿತ್ರರೊಬ್ಬರಿದ್ದಾರೆ. ಲೆಕ್ಕಪತ್ರಗಳ ಉದ್ಯೋಗದಲ್ಲಿ ತಲೆ ನರೆತವರು. ವರ್ಷಾರಂಭಕ್ಕೆ 52 ಪುಸ್ತಕಗಳೆಂದು ಸಂಕಲ್ಪಿಸಿ, ವಾರಕ್ಕೊಂದರಂತೆ ಮುಗಿಸಿ, ಮೊಬೈಲಿನಲ್ಲಿ ಅವುಗಳ ಪಟ್ಟಿಯನ್ನಿಟ್ಟು, ಡಿಸೆಂಬರಿನಲ್ಲಿ ಎರಡು ಕಡಿಮೆ ಬಿದ್ದರೆ ತೆಳ್ಳಗಿನ ಕವನಸಂಕಲನಗಳಿಂದ ಆ ಕೊರತೆಯನ್ನು ತುಂಬಿಕೊಳ್ಳತಕ್ಕವರು. (ಕಾವ್ಯಕ್ಕೆ ನಮ್ಮ ಕಾಲದಲ್ಲಿ ಉಳಿದಿರುವ ಪ್ರಯೋಜನಗಳಲ್ಲಿ ಇದೂ ಒಂದು.) ಓದಿಗೆ ಇಂಥ ಗಣಿತ ಸಲ್ಲದೆಂದು ನಾನೂ, ಗಣಿತವಿಲ್ಲದ ಓದು ಬರಿಯ ಸೋಮಾರಿತನವೆಂದು ಅವರೂ ವಾದಿಸುತ್ತ ಬಂದು ಹಲವು ಚಳಿಗಾಲಗಳು ಕಳೆದಿವೆ. ಅವರ ಕೈಯಲ್ಲಿ ಒಂದು ಬಲವಾದ ಅಸ್ತ್ರವಿದೆ: ಪಂಪ. ಅಣ್ಣಿಗೇರಿಯ ಮಗಳ ಮಗನಾದ ಆ ಮಹಾಕವಿ ಆದಿಪುರಾಣವನ್ನು ಮೂರು ತಿಂಗಳಲ್ಲಿ, ಭಾರತವನ್ನು ಆರು ತಿಂಗಳಲ್ಲಿ ಮುಗಿಸಿದೆನೆಂದು ತಾನೇ ಲೆಕ್ಕ ಕೊಟ್ಟಿರುವನಷ್ಟೆ. ಬರೆಯುವವನಿಗೆ ಇಲ್ಲದ ನಾಚಿಕೆ ಓದುವವನಿಗೆ ಏಕೆ ಎಂಬುದು ಅವರ ಪ್ರಶ್ನೆ.

ನನ್ನ ಉತ್ತರವನ್ನು ನಾನು ಗ್ರಂಥಗಳಲ್ಲಿ ಹುಡುಕಲಿಲ್ಲ. ಅದು ಒಂದು ಶ್ರಾವಣದ ಮುಂಜಾನೆ ನಮ್ಮ ಮನೆಗೆ ಹಾಲು ಹಾಕುವ ಅಜ್ಜಿಯ ಬಾಯಿಂದ ಬಂದಿತು. ‘ನಮ್ಮೂರ ಮಠದಾಗ ಪುರಾಣ ಹಚ್ಯಾರ್ರಿ, ಸಂಜಿಕ ಬರೂದ ತಡಾ ಆಗ್ತೈತಿ’ ಎಂದಳು. ಬಾಲ್ಯದಿಂದ ಕೇಳಿದ ಈ ಮಾತು ಅಂದು ನನಗೆ ಹೊಸದಾಗಿ ಕೇಳಿಸಿತು. ಪುರಾಣವನ್ನು ನಮ್ಮ ಜನ ಹಚ್ಚುತ್ತಾರೆ! ದೀಪವನ್ನು ಹಚ್ಚುವಂತೆ, ತಲೆಗೆ ಎಣ್ಣೆ ಹಚ್ಚುವಂತೆ, ಹುಡುಗನನ್ನು ಸಾಲಿಗೆ ಹಚ್ಚುವಂತೆ. ಈ ಯಾವ ಹಚ್ಚುವಿಕೆಯಲ್ಲಿಯೂ ಮುಗಿಸುವ ಭಾವನೆ ಇಲ್ಲ. ಪ್ರಾರಂಭವೂ ಸ್ಪರ್ಶವೂ ಮಾತ್ರ ಇವೆ. ಇದಕ್ಕೆ ಒಂದು ‘ಕೊಳ್ಳು’ವನ್ನು ಸೇರಿಸಿದರೆ ಹಚ್ಚಿಕೊಳ್ಳುವದು, ಅಂದರೆ ಪ್ರೀತಿ. ಪುರಾಣಕ್ಕೆ ಮಂಗಲವೆಂಬ ಸಮಾಪ್ತಿ ಉಂಟೆಂಬುದು ನಿಜ. ಆದರೆ ಅದರ ಭಾರ ಶಾಸ್ತ್ರಿಗಳದು, ಮಠದ್ದು. ಬತ್ತಿ ಹೊಸೆಯುತ್ತ ಕುಳಿತು ಕೇಳುವ ಅಜ್ಜಿ, ಮೂರು ದಿನ ಎಮ್ಮೆಗೆ ಜ್ವರ ಬಂದು ತಪ್ಪಿಸಿಕೊಂಡರೆ, ಬಿಟ್ಟುಹೋದ ಸಂಧಿಗಳ ಲೆಕ್ಕವನ್ನು ಅವಳಿಗೆ ಯಾರೂ ಕೇಳರು. ಮಳೆ ತಡವಾದಾಗ ಊರವರು ವಿರಾಟಪರ್ವವೊಂದನ್ನೇ ಓದಿಸುತ್ತಿದ್ದುದನ್ನು ನೀವೆಲ್ಲ ಬಲ್ಲಿರಿ. ಉಳಿದ ಪರ್ವಗಳೆಲ್ಲಿ ಎಂದು ಮೋಡಗಳೂ ಕೇಳಿದ್ದಿಲ್ಲ.

ಆದುದರಿಂದ, ಬರುವ ವರ್ಷಕ್ಕೆ ಇಷ್ಟು ಪುಸ್ತಕಗಳನ್ನು ಮುಗಿಸುವೆನೆನ್ನದೆ, ಒಂದನ್ನೋ ಎರಡನ್ನೋ ಹಚ್ಚುವೆನೆನ್ನುವದೇ ನಮ್ಮ ಭಾಷೆಗೆ ಒಪ್ಪುವ ಸಂಕಲ್ಪವೆಂದು ನಾನು ಸಾಧಿಸಹೊರಟೆನು. 1933ರಲ್ಲಿ ಜಿ. ಬಿ. ಜೋಶಿಯವರು ಈ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದಾಗ ಚಂದಾದಾರನು ಮಾಡಿದ್ದೂ ಬಹುಶಃ ಅಂಥ ಸಂಕಲ್ಪವೇ: ಹಣ ಕೊಡುವದು ಅವನ ವ್ರತ, ಓದುವದು ಅವನ ಅನುಕೂಲ. ‘ಯಯಾತಿ’ಯೂ ‘ಸಂಸ್ಕಾರ’ವೂ ಆ ಮಾಲೆಯಿಂದಲೇ ಹೊರಬಂದವು, ಯಾವ ಓದುಗನೂ ಮುಂಚಿತವಾಗಿ ಪಟ್ಟಿ ಮಾಡಿಕೊಂಡು ಅವುಗಳಿಗೆ ಕಾದು ಕುಳಿತಿರಲಾರನು.

ಇನ್ನು ನನ್ನ ಪಕ್ಷದ ಪರಮಸಾಕ್ಷಿಯು ಹುಬ್ಬಳ್ಳಿ ತಾಲೂಕಿನ ಕೋಳಿವಾಡದವನೇ. ಕುಮಾರವ್ಯಾಸನು ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಹಾಡಿದ್ದು ಹದಿನೆಂಟರಲ್ಲಿ ಹತ್ತೇ ಪರ್ವಗಳನ್ನು. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದನು. ನಮ್ಮಲ್ಲಿ ಆ ಎಂಟನ್ನು ಹಚ್ಚುವವರು ಎಷ್ಟು ಮಂದಿ? ಮಿತ್ರರು ಇದನ್ನು ಒಪ್ಪುವದಿಲ್ಲ. ಗದಾಪರ್ವಕ್ಕೆ ಹೋರಾಟವೇ ತೀರಿದ ಮೇಲೆ ಕವಿ ಬಿಟ್ಟದ್ದೇನೂ ಇಲ್ಲ, ಅವನು ಮುಗಿಸಿಯೇ ಎದ್ದನೆಂದು ಅವರ ಮತ. ಈ ಮಾತಿಗೆ ನಾನು ಇಂದಿನವರೆಗೂ ಸರಿಯಾದ ಉತ್ತರವನ್ನು ಕೊಟ್ಟಿಲ್ಲ.

ಇಲ್ಲಿ ನಮ್ಮ ಕನ್ನಡ ಮಾಸ್ತರರನ್ನು ನೆನೆಯದೆ ಇರಲಾರೆ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ಸಾಲಿ; ಸುಮಾರು 20 ಕಿಲೋಮೀಟರಿನ ಆ ದಾರಿಯನ್ನು ಅವರು ರೈಲಿನಲ್ಲಿ ದಿನಾ ಎರಡು ಸಲ, ತೊಡೆಯ ಮೇಲೆ ಕುಮಾರವ್ಯಾಸ ಭಾರತವನ್ನು ತೆರೆದುಕೊಂಡು ಕ್ರಮಿಸುತ್ತಿದ್ದರು. ನವಲೂರಿನಲ್ಲಿ ಪೇರಲ ಹಣ್ಣಿನ ಬುಟ್ಟಿಗಳು ಒಳಗೆ ಬಂದಾಗ ಮಾತ್ರ ತಲೆಯೆತ್ತುವರು. ‘ಸರ್, ಎಷ್ಟು ಸಲ ಮುಗಿಸೀರಿ?’ ಎಂದು ನಾನು ಕೇಳಿದ್ದಕ್ಕೆ, ‘ಹುಚ್ಚಪ್ಪಾ, ಅದೇನು ಊಟದ ತಾಟು ಏನೋ?’ ಎಂದು ಗದರಿದ್ದರು. ನನ್ನ ಸಿದ್ಧಾಂತದ ಬೀಜ ಅಲ್ಲಿಯೇ ಬಿದ್ದಿತೆಂದು ನಾನು ಬಹುಕಾಲ ಹೇಳಿಕೊಂಡು ತಿರುಗಿದ್ದೇನೆ.

ಅವರು ತೀರಿಕೊಂಡ ಬಳಿಕ, ಅವರ ಮಗಳು ಆ ಪುಸ್ತಕವನ್ನು ನನಗೆ ಕೊಟ್ಟರು. ತಿಂಗಳು ತೀರಿದ ರೈಲುಪಾಸುಗಳನ್ನು ಮಾಸ್ತರರು ಪುಟಗಳ ನಡುವೆ ಗುರುತಿಗೆಂದು ಇಟ್ಟಿದ್ದರು: ಹನ್ನೊಂದು ಪಾಸುಗಳು, ಬೇರೆಬೇರೆ ವರ್ಷಗಳವು. ಹನ್ನೊಂದೂ ಮೊದಲ ಐದು ಪರ್ವಗಳಲ್ಲಿಯೇ ಇದ್ದವು. ಕೃಷ್ಣನು ಕರ್ಣನಿಗೆ ಅವನ ಜನ್ಮವೃತ್ತಾಂತವನ್ನು ತಿಳಿಸುವ ಉದ್ಯೋಗಪರ್ವದ ಆ ಪುಟಗಳು ಬೆರಳಿನ ಎಣ್ಣೆಯಿಂದ ಮಬ್ಬಾಗಿದ್ದರೆ, ಭೀಷ್ಮಪರ್ವದಿಂದಾಚೆ ಕಾಗದವು ಅಂಗಡಿಯಿಂದ ತಂದಂತೆ ಬೆಳ್ಳಗಿತ್ತು.

ಅದನ್ನು ನಾನು ಮಿತ್ರರಿಗೆ ತೋರಿಸಿಲ್ಲ. ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ: ನನ್ನ ಮೇಜಿನ ಖಾನೆಯಲ್ಲಿಯೂ ಒಂದು ನೋಟಬುಕ್ಕಿದೆ, ಈ ವರ್ಷ ಅದರಲ್ಲಿ 19 ಹೆಸರುಗಳಿವೆ, ಕಳೆದ ವರ್ಷ 23 ಇದ್ದವು, ಮತ್ತು ಆ ನಾಲ್ಕರ ಕೊರತೆ ನನ್ನನ್ನು ಬಾಧಿಸುತ್ತಿದೆ. ಪ್ರತಿಸಲವೂ ಯುದ್ಧದ ಹೊಸ್ತಿಲಿನವರೆಗೆ ಬಂದು ಮಾಸ್ತರರು ಆದಿಪರ್ವಕ್ಕೆ ಮರಳುತ್ತಿದ್ದುದು ಪ್ರೀತಿಯಿಂದಲೋ, ಮುಂದೆ ಬರುವ ಕರ್ಣನ ಸಾವನ್ನು ನೋಡಲಾರದ ಅಂಜಿಕೆಯಿಂದಲೋ? ಅಂದು ನನ್ನನ್ನು ಗದರಿದ್ದು ಗುರುವಾಕ್ಯವೋ, ಬರಿಯ ಮುಜುಗರವೋ? ಈ ಯುಗಾದಿಗೆ ನಾನು ಅದೇ ಪ್ರತಿಯನ್ನು ಹಚ್ಚಬೇಕೆಂದಿದ್ದೇನೆ. ಭೀಷ್ಮಪರ್ವದ ಬಿಳಿಯ ಪುಟಗಳು ಬಂದಾಗ ನಾನು ಮಾಡತಕ್ಕದ್ದೇನು?