ಸಂಬಳದ ಚೀಟಿ ಯಾರ ಕೈಯಲ್ಲಿದೆ?

(ಬೂದಿಗೆರೆಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವರದಕ್ಷಿಣೆಯ ಬಗ್ಗೆ ಮಾತನಾಡಿ ಎಂದು ನನ್ನನ್ನು ಕರೆದಿದ್ದೀರಿ. ನಾನು ಸಂಬಳದ ಬಗ್ಗೆ ಮಾತನಾಡುತ್ತೇನೆ. ಎರಡಕ್ಕೂ ಏನು ಸಂಬಂಧ ಎಂದು ಕೇಳಬಹುದು. ನಮ್ಮ ಸೀಮೆಯಲ್ಲಿ ಈಗ ಹೆಣ್ಣು ನೋಡಲು ಬರುವವರು ಏನು ಕೇಳುತ್ತಾರೆ, ನೆನಪು ಮಾಡಿಕೊಳ್ಳಿ. ಹಿಂದೆ “ಅಡುಗೆ ಬರುತ್ತಾ?” ಎನ್ನುತ್ತಿದ್ದರು. ಈಗ “ಹುಡುಗಿ ಎಲ್ಲಿಗೆ ಕೆಲಸಕ್ಕೆ ಹೋಗ್ತಾಳೆ? ಕೈಗೆ ಎಷ್ಟು ಬರುತ್ತೆ?” ಎಂದೂ ಕೇಳುತ್ತಾರೆ. ಹಾಗೆ ಕೇಳಿದವರೇ ಚಿನ್ನ ಎಷ್ಟು, ಗಾಡಿ ಯಾವುದು ಎಂಬ ಮಾತಿಗೂ ಬರುತ್ತಾರೆ. ಹೆಣ್ಣು ದುಡಿಯತೊಡಗಿದರೆ ವರದಕ್ಷಿಣೆ ತಾನಾಗಿ ತೊಲಗುತ್ತದೆ ಎಂಬ ಮಾತೊಂದಿದೆ. ತೊಲಗಿಲ್ಲ. ಮದುವೆಯ ದಿನ ಕೊಡುವುದರ ಜೊತೆಗೆ, ಮದುವೆಯಾದ ಮೇಲೆ ತಿಂಗಳು ತಿಂಗಳು ಕಟ್ಟುವ ಕಂತೂ ಸೇರಿಕೊಂಡಿದೆ. ಆ ಕಂತಿನ ಹೆಸರು ಸೊಸೆಯ ಸಂಬಳ.

ನಮ್ಮ ಸುತ್ತಮುತ್ತ ಯಂತ್ರದ ಮುಂದೆ ಕೂತು ದುಡಿಯುವ ಹೆಂಗಸರು ಕಡಿಮೆಯಿಲ್ಲ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಗಾರ್ಮೆಂಟ್ಸ್ ಇದೆ, ಊರೊಳಗೆ ವಿದ್ಯುತ್ ಮಗ್ಗಗಳಿವೆ. ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಕಂಪನಿ 2025ರಲ್ಲಿ ಐಫೋನ್ ಜೋಡಿಸುವ ಕೆಲಸ ಶುರುಮಾಡಿತು. ಅಲ್ಲೂ ಹೆಚ್ಚಿನವರು ಹುಡುಗಿಯರೇ. ಇಂದು ಇಲ್ಲಿರುವ ಬಹಳ ಮನೆಗಳಿಂದ ಒಬ್ಬಳಾದರೂ ಬೆಳಗಿನ ಕಂಪನಿ ಬಸ್ಸು ಹತ್ತುತ್ತಾಳೆ.

ಮೊದಲನೆಯ ಪ್ರಶ್ನೆ: ಆಕೆಯ ಕೆಲಸ ಕುಶಲ ಕೆಲಸವೋ, ಅಲ್ಲವೋ? ಲೇತ್ ಯಂತ್ರ ಓಡಿಸುವ ಗಂಡಸನ್ನು “ಕೆಲಸ ಬಲ್ಲವನು” ಎನ್ನುತ್ತೇವೆ. ಓವರ್‌ಲಾಕ್, ಫ್ಲಾಟ್‌ಲಾಕ್, ಕಾಜಾ ಮೂರನ್ನೂ ಓಡಿಸಿ, ಗಂಟೆಗಿಷ್ಟು ಪೀಸ್ ಎಂದು ತಪ್ಪಿಲ್ಲದೆ ತೆಗೆದುಕೊಡುವ ಹೆಂಗಸನ್ನು “ಹೊಲಿಗೆಗೆ ಹೋಗ್ತಾಳೆ” ಎನ್ನುತ್ತೇವೆ. ಹೊಲಿಗೆ ಹೆಣ್ಣಿಗೆ ಹುಟ್ಟಿನಿಂದಲೇ ಬಂದದ್ದು, ಅದಕ್ಕೇನು ಬೆಲೆ ಎಂಬ ಭಾವನೆ ಈ ಮಾತಿನಲ್ಲಿದೆ. ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವ ಹೆಂಡತಿಯ ಕೆಲಸ ಲೆಕ್ಕಕ್ಕೇ ಬರುವುದಿಲ್ಲ. ಕೂಲಿ ಗಂಡನ ಹೆಸರಿಗೆ ಬರುತ್ತದೆ.

ಈ ಮಾತು ಬರೀ ಮಾನ ಅವಮಾನದ್ದಲ್ಲ, ಹಣದ್ದು. ಸರ್ಕಾರ ಕನಿಷ್ಠ ವೇತನ ನಿಗದಿ ಮಾಡುವಾಗ ಕೆಲಸವನ್ನು ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂದು ವಿಂಗಡಿಸುತ್ತದೆ. ನಿಮ್ಮನ್ನು ಯಾವ ಸಾಲಿನಲ್ಲಿ ಬರೆದಿದ್ದಾರೆ ಎಂಬುದರ ಮೇಲೆ ನಿಮ್ಮ ಸಂಬಳದ ತಳಪಾಯ ನಿಲ್ಲುತ್ತದೆ. ವರ್ಷಗಟ್ಟಲೆ ಮಿಷನ್ ಓಡಿಸಿದವಳ ಹೆಸರಿನ ಮುಂದೆ ಇನ್ನೂ “ಹೆಲ್ಪರ್” ಎಂದೇ ಇದ್ದರೆ ಅವಳು ಪ್ರತಿ ತಿಂಗಳೂ ಕಳೆದುಕೊಳ್ಳುತ್ತಿದ್ದಾಳೆ. ಗಂಡಸಿಗೂ ಹೆಂಗಸಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂದು 1976ರ ಸಮಾನ ವೇತನ ಕಾಯ್ದೆ ಹೇಳಿತು. ಆ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆ ಎರಡೂ ಈಗ 2019ರ ವೇತನ ಸಂಹಿತೆಯೊಳಗೆ ಸೇರಿವೆ. ಅದು 2025ರ ನವೆಂಬರ್ 21ರಂದು ಜಾರಿಗೆ ಬಂತು. ಸಂಬಳದ ಚೀಟಿ ಕೊಡಬೇಕು, ತಿಂಗಳ ಸಂಬಳ ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಸಿಗಬೇಕು, ಬಾಕಿ ಉಳಿದರೆ 3 ವರ್ಷದೊಳಗೆ ಕೇಳಬಹುದು ಎಂದು ಅದರಲ್ಲಿದೆ.

ಆ ಚೀಟಿಯನ್ನು ಓದುವುದು ಹೇಗೆ? ಲೆಕ್ಕ ಸುಲಭವಾಗಲೆಂದು ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ರೂಪಾಯಿ ಎಂದಿಟ್ಟುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 500. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 62 ರೂಪಾಯಿ 50 ಪೈಸೆ. ಓಟಿಗೆ ಎರಡು ಪಟ್ಟು, ಎಂದರೆ ಗಂಟೆಗೆ 125. “ಟಾರ್ಗೆಟ್ ಮುಗಿಸಿ ಹೋಗು” ಎಂದು ಅರ್ಧ ಗಂಟೆ ಉಳಿಸಿಕೊಂಡರೆ ಅದಕ್ಕೂ ಬೆಲೆಯಿದೆ. ಈ ಸಂಬಳದಲ್ಲಿ ಪಿಎಫ್‌ಗೆ ಶೇಕಡ 12ರಂತೆ 1,560, ಇಎಸ್‌ಐಗೆ ಶೇಕಡ 0.75ರಂತೆ ಸುಮಾರು 98 ಕಳೆಯುತ್ತಾರೆ. ಕೈಗೆ ಬರುವುದು 11,342.

ಮನೆಯವರು ಎಣಿಸುವುದು ಈ 11,342ನ್ನು ಮಾತ್ರ. ಕೈಗೆ ಬಾರದ ಸಂಬಳವೂ ಇದೆ. ನಿಮ್ಮ 1,560ಕ್ಕೆ ಕಂಪನಿಯೂ 1,560 ಸೇರಿಸಬೇಕು. ಕಂಪನಿಯ ಪಾಲಿನಲ್ಲಿ ಸುಮಾರು 1,083 ಪಿಂಚಣಿಗೆ ಹೋಗಿ, 477 ನಿಮ್ಮ ಪಿಎಫ್ ಖಾತೆಗೆ ಬರುತ್ತದೆ. ಹಾಗಾಗಿ ಖಾತೆಯಲ್ಲಿ ತಿಂಗಳಿಗೆ 2,037 ಬೆಳೆಯುತ್ತದೆ. ಐದು ವರ್ಷಕ್ಕೆ, ಬಡ್ಡಿ ಬಿಟ್ಟು, 1,22,220. ಐದು ವರ್ಷ ಪೂರೈಸಿ ಬಿಟ್ಟರೆ ಗ್ರಾಚುಯಿಟಿ ವರ್ಷಕ್ಕೆ 15 ದಿನದ ಸಂಬಳದಂತೆ 37,500. ಎರಡೂ ಸೇರಿ ಒಂದೂವರೆ ಲಕ್ಷಕ್ಕೂ ಮೇಲೆ. ಐದು ವರ್ಷ ತುಂಬುವ ಮೊದಲೇ ರಾಜೀನಾಮೆ ಬರೆಸಿಕೊಂಡು ಮತ್ತೆ ಹೊಸದಾಗಿ ಸೇರಿಸಿಕೊಳ್ಳುತ್ತಾರೆ ಎಂದು ಗಾರ್ಮೆಂಟ್ಸ್ ಹೆಂಗಸರು ಎಷ್ಟೋ ಸಲ ದೂರಿದ್ದಾರೆ. ಅದರಿಂದ ಯಾರಿಗೆ ಲಾಭ ಎಂದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಸಣ್ಣ ಮೊತ್ತ ಎಂದು ಯಾವುದನ್ನೂ ಬಿಡಬೇಡಿ. 2020ರ ಏಪ್ರಿಲ್‌ನಿಂದ ನಮ್ಮ ರಾಜ್ಯದ ಗಾರ್ಮೆಂಟ್ಸ್ ಕೆಲಸಗಾರರಿಗೆ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಹೆಚ್ಚಬೇಕಿತ್ತು. ಕೋವಿಡ್ ಕಾಲವೆಂದು ಸರ್ಕಾರ ಅದನ್ನು ತಡೆಯಿತು. ಸಂಘಟನೆಗಳು ಹೈಕೋರ್ಟಿಗೆ ಹೋದವು. 2020ರ ಸೆಪ್ಟೆಂಬರಿನಲ್ಲಿ ಕೋರ್ಟು ಬಾಕಿ ಸಮೇತ ಕೊಡಬೇಕೆಂದಿತು. ಆಮೇಲೂ 2021ರ ಕೊನೆಯವರೆಗೆ ಹಲವು ಕಂಪನಿಗಳು ಕೊಡಲಿಲ್ಲ. 20 ತಿಂಗಳಿಗೆ ಲೆಕ್ಕ ಹಾಕಿದರೆ ಒಬ್ಬಳಿಗೆ 8,340 ರೂಪಾಯಿ. ಕೆಲಸಗಾರರ ಸಂಘಗಳು ಪಟ್ಟು ಬಿಡಲಿಲ್ಲ. ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡ್‌ಗಳನ್ನೂ ಪ್ರಶ್ನಿಸಿದರು. ಬಾಕಿ ಬರತೊಡಗಿತು.

ಅದಕ್ಕೂ ಮೊದಲು, 2016ರ ಏಪ್ರಿಲ್ 18 ಮತ್ತು 19ರಂದು, ಬೆಂಗಳೂರಿನ ಹೊಸೂರು ರಸ್ತೆ, ಮೈಸೂರು ರಸ್ತೆಗಳಿಗೆ ಗಾರ್ಮೆಂಟ್ಸ್ ಹೆಂಗಸರು ಇಳಿದದ್ದನ್ನು ನೀವು ಕೇಳಿರುತ್ತೀರಿ. ಪಿಎಫ್‌ನಲ್ಲಿ ಕಂಪನಿಯ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ದೊಡ್ಡ ನಾಯಕರ ಕರೆಯಿಲ್ಲದೆ ಸಾವಿರಾರು ಹೆಂಗಸರು ಮಿಷನ್ ಬಿಟ್ಟು ಎದ್ದರು. ಲಾಠಿ, ಅಶ್ರುವಾಯು ಎಲ್ಲವನ್ನೂ ಕಂಡರು. ಏಪ್ರಿಲ್ 19ರಂದೇ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು.

ನನ್ನ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ದೆಹಲಿಯ ಸರ್ಕಾರದಿಂದ ಬಿಡಿಸಿಕೊಂಡ ಆ ಹಣ ಮನೆಯ ಹೊಸ್ತಿಲಲ್ಲಿ ಯಾರ ಕೈಗೆ ಹೋಗುತ್ತದೆ? ಪಿಎಫ್ ಹಣವನ್ನು ಮದುವೆಗೆ ತೆಗೆಯಲು ಅವಕಾಶವಿದೆ. ಹುಡುಗಿ ತಾನೇ ದುಡಿದು ಕೂಡಿಟ್ಟ ಹಣವನ್ನು ತನ್ನದೇ ವರದಕ್ಷಿಣೆಗೆ ತೆಗೆದುಕೊಡುತ್ತಾಳೆ. ತಮಿಳುನಾಡಿನ ಕೊಯಮತ್ತೂರು, ತಿರುಪ್ಪೂರು ಕಡೆಯ ನೂಲಿನ ಗಿರಣಿಗಳಲ್ಲಿ ಇದನ್ನೇ ಒಂದು ಪದ್ಧತಿ ಮಾಡಿಕೊಂಡಿದ್ದರು. “ಸುಮಂಗಲಿ ಯೋಜನೆ” ಎಂಬ ಹೆಸರಿನಲ್ಲಿ ಹಳ್ಳಿ ಹುಡುಗಿಯರನ್ನು ಮೂರು ವರ್ಷದ ಕರಾರಿಗೆ ಹಾಸ್ಟೆಲಿನಲ್ಲಿಟ್ಟು ದುಡಿಸಿ, ಕೊನೆಗೆ ಮದುವೆಗೆಂದು ಒಂದು ಇಡಿಗಂಟು ಕೊಡುತ್ತಿದ್ದರು. ನಡುವೆ ಬಿಟ್ಟವಳಿಗೆ ಆ ಗಂಟಿಲ್ಲ. ಅದು ಅವಳ ಸಂಬಳದಿಂದಲೇ ಹಿಡಿದಿಟ್ಟ ದುಡ್ಡು. ವರದಕ್ಷಿಣೆಯ ಭಯವನ್ನೇ ಬೇಲಿಯಾಗಿ ಹಾಕಿದ್ದರು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಂಟು ವರ್ಷ ಮಿಷನ್ ಓಡಿಸಿದ್ದಳು. ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿ, ಬ್ಯಾಂಕಿನ ಮೆಸೇಜು ಗಂಡನ ಫೋನಿಗೆ. ಬಸ್ಸಿನ ಖರ್ಚಿಗೂ ಅತ್ತೆಯನ್ನು ಕೇಳಬೇಕಿತ್ತು. ಏಟು ತಡೆಯಲಾರದೆ ತವರಿಗೆ ಬಂದ ಮೇಲೆ ಪಿಎಫ್ ತೆಗೆಯಲು ಹೋದಳು. ಓಟಿಪಿಯೂ ಗಂಡನ ಫೋನಿಗೇ ಹೋಯಿತು! ಮೊದಲು ಆಧಾರ್ ಕೇಂದ್ರದಲ್ಲಿ ತನ್ನ ನಂಬರು ಸೇರಿಸಿ, ಆಮೇಲೆ ಪಿಎಫ್ ದಾಖಲೆಯಲ್ಲಿ ಬದಲಾಯಿಸಿಕೊಂಡಳು. “ಮೇಡಂ, ಎಂಟು ವರ್ಷ ದುಡಿದಿದ್ದು ಎಷ್ಟು ಅಂತ ಮೊದಲನೇ ಸಲ ನೋಡಿದೆ” ಎಂದಳು. ಆ ಹಣದಲ್ಲಿ ಮುಂಗಡ ಕೊಟ್ಟು ಒಂದು ಕೋಣೆ ಹಿಡಿದು, ಮಗುವಿನೊಂದಿಗೆ ಇದ್ದಾಳೆ. ಅಷ್ಟು ಹಣ ಅವಳಿಗೆ ತಿಳಿದಿದ್ದರೆ ಎರಡು ವರ್ಷ ಮೊದಲೇ ಆ ಮನೆ ಬಿಡುತ್ತಿದ್ದಳೇನೋ.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಹೊಡೆತದ ಜೊತೆಗೆ ಆರ್ಥಿಕ ದೌರ್ಜನ್ಯವನ್ನೂ ಹಿಂಸೆ ಎಂದೇ ಎಣಿಸುತ್ತದೆ. ನಿಮಗೆ ಹಕ್ಕಿರುವ ಹಣವನ್ನು, ಸ್ತ್ರೀಧನವನ್ನು ಕಿತ್ತುಕೊಳ್ಳುವುದು ಅದರೊಳಗೆ ಬರುತ್ತದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅವರ ಕಚೇರಿಯಲ್ಲಿ ದೂರು ಕೊಡಬಹುದು, 181ಕ್ಕೆ ಫೋನ್ ಮಾಡಬಹುದು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ವರದಕ್ಷಿಣೆಯಾಗಿ ಬೇರೆಯವರು ಪಡೆದದ್ದನ್ನೂ 3 ತಿಂಗಳೊಳಗೆ ಹೆಣ್ಣಿಗೆ ಒಪ್ಪಿಸಬೇಕು. 1952ರ ಪಿಎಫ್ ಯೋಜನೆಯನ್ನು ಬರೆದವರು, ಹೆಂಗಸು ಬರೆದುಕೊಟ್ಟರೆ ಗಂಡನನ್ನು “ಕುಟುಂಬ”ದಿಂದ ಹೊರಗಿಡಲು ಅವಕಾಶ ಇಟ್ಟಿದ್ದರು. ಬಳಸಿಕೊಂಡವರು ಎಷ್ಟು ಮಂದಿ?

ಸಂಘದಲ್ಲಿ ನೀವು ವಾರಕ್ಕೊಮ್ಮೆ ಸೇರುತ್ತೀರಿ, ಉಳಿತಾಯದ ಪುಸ್ತಕ ಬರೆಯುತ್ತೀರಿ. ತಿಂಗಳಿಗೊಂದು ವಾರ ಇನ್ನೊಂದು ಕೆಲಸ ಮಾಡಿ. ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು ಸಂಬಳದ ಚೀಟಿ ತಂದು ಜೋರಾಗಿ ಓದಲಿ. ಹೆಲ್ಪರೋ ಟೈಲರೋ, ಓಟಿ ಎಷ್ಟು ಗಂಟೆ, ಪಿಎಫ್ ಕಟ್ಟಿದ್ದಾರೋ ಇಲ್ಲವೋ, ಖಾತೆಗೆ ಯಾರ ಫೋನ್ ನಂಬರು, ನಾಮಿನಿ ಯಾರು, ಎಲ್ಲವನ್ನೂ ನೋಡಿ. ತಪ್ಪು ಕಂಡರೆ ಒಬ್ಬಳನ್ನೇ ಕಳಿಸಬೇಡಿ. ನಾಲ್ಕು ಜನ ಕೂಡಿ ಕಾರ್ಮಿಕ ಇಲಾಖೆಗೆ ಹೋಗಿ. ಒಂದೇ ಮಿಷನ್ ಬಲ್ಲವಳು ಎರಡನೆಯದನ್ನು ಕಲಿಯಲಿ, ಕಲಿತದ್ದನ್ನು ದಾಖಲೆಯಲ್ಲಿ ಬರೆಸಲಿ.

ಇನ್ನೊಂದು ಮಾತನ್ನು ಇಲ್ಲಿರುವ ಅತ್ತೆಯಂದಿರಿಗೆ ಹೇಳುತ್ತೇನೆ. ಸೊಸೆಯ ಸಂಬಳದಿಂದ ಮನೆ ನಡೆಯುವುದು ತಪ್ಪಲ್ಲ. ಮಗನ ಸಂಬಳದಿಂದಲೂ ನಡೆಯುತ್ತದೆ. ಆದರೆ ಮಗನ ಕಾರ್ಡನ್ನು ನೀವು ಸೆರಗಿಗೆ ಕಟ್ಟಿಕೊಂಡಿಲ್ಲ. ಸೊಸೆಯದನ್ನೂ ಬಿಚ್ಚಿಕೊಡಿ. ಎಷ್ಟು ಕೊಡಬೇಕೆಂದು ಅವಳೇ ಎಣಿಸಿ ಕೊಡಲಿ.